ಗೊಂಬೆ ಹಬ್ಬದ ಪಾಸ್‌ವರ್ಡ್

ಬಸವೇಶ್ವರನಗರ
9 ಅಕ್ಟೋಬರ್ 2025

ಸುವರ್ಣಾ,

ಕವರಿನ ಹಿಂದೆ ನನ್ನ ಹೆಸರು ನೋಡಿಯೂ ಹರಿದು ಬಿಸಾಕದೆ ಇಲ್ಲೀವರೆಗೆ ಓದಿದೀಯ ಅಂದ್ರೆ ಅದೇ ದೊಡ್ಡದು. ಪಿಂಚಣಿದಾರರ ಸಂಘದ ಪುಸ್ತಕದಲ್ಲಿ ನಿನ್ನ ವಿಳಾಸ ಸಿಕ್ತು. ಎಲ್ಲರ ಹೆಸರಿನ ಮುಂದೆಯೂ ಫೋನ್ ನಂಬರ್ ಇದೆ, ನಿನ್ನದರ ಮುಂದೆ ಮಾತ್ರ ಒಂದು ಗೀಟು. ಯಾಕೆ ಅಂತ ನಂಗೆ ಗೊತ್ತು. ಅದಕ್ಕೇ ಕಾಗದ ಬರೀತಿದೀನಿ.

ಮೂವತ್ತೊಂಬತ್ತು ವರ್ಷ ಆಯ್ತಲ್ಲೇ! ಟ್ರಂಕ್ ಎಕ್ಸ್‌ಚೇಂಜಿನಲ್ಲಿ ದೂರದೂರಿನ ಲೈನು ಕೂಡಿಸ್ತಾ ಒಂದೇ ಬೋರ್ಡಿನ ಮುಂದೆ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತಿದ್ದೋರು ನಾವು. ನೀನು ರಜೆ ದಿನ ಹೊರಗಡೆ ಬೂತಿನಿಂದ ಬಳ್ಳಾರಿಗೆ ಕರೆ ಬುಕ್ ಮಾಡಿ ನಮ್ಮ ಚಿಕ್ಕಪ್ಪನ ಮಗ ಮಧ್ವೇಶನ ಜೊತೆ ಮಾತಾಡಿದ್ದನ್ನ ಕದ್ದು ಕೇಳಿದೋಳು ನಾನು. ಮಾರನೇ ಬೆಳಿಗ್ಗೆ ಗೋವಿಂದರಾಜನಗರಕ್ಕೆ ಬಂದು ನಿಮ್ಮಪ್ಪನಿಗೆ ಹೇಳಿದೋಳೂ ನಾನೇ. ನಿಮ್ಮಿಬ್ಬರ ಮದುವೆ ನಿಂತಿದ್ದು ನನ್ನಿಂದ. ನೀನು ಅವತ್ತಿನಿಂದ ನನ್ನ ಮುಖ ನೋಡ್ಲಿಲ್ಲ. ಸರಿ, ತಪ್ಪು ಅನ್ನಲ್ಲ. ಆದ್ರೆ ನಿನ್ನ ಒಳ್ಳೇದಕ್ಕೇ ಹೇಳಿದೆ ಅಂತ ಇವತ್ತಿಗೂ ಅಂದ್ಕೊಂಡಿದೀನಿ. ಆ ವಾದ ಮಾಡೋಕೆ ಈ ಕಾಗದ ಬರೀತಿಲ್ಲ.

ನಂಗೆ ಭಯ ಆಗಿದೆ ಕಣೇ. ಇಂಥ ಕೆಲಸ ಗೊತ್ತಿರೋರು, ಹೊರಗೆ ಬಾಯಿ ಬಿಡದೋರು ಅಂದ್ರೆ ನೀನೊಬ್ಬಳೇ ನೆನಪಾದೆ. ನೀನು ಆಮೇಲೆ ಇಲಾಖೆ ಪರೀಕ್ಷೆ ಬರೆದು ಎಂಜಿನಿಯರ್ ಆಗಿ, ಬ್ರಾಡ್‌ಬ್ಯಾಂಡ್ ನೋಡ್ಕೊಳ್ತಾ ನಿವೃತ್ತಿ ಆದೆ ಅಂತ ಸಂಘದಲ್ಲಿ ಕೇಳಿದೆ.

ನಮ್ಮ ಯಜಮಾನರು ಶ್ಯಾಮಸುಂದರ ಅವರಿಗೆ ಮಾರ್ಚಿನಲ್ಲಿ ಪಾರ್ಶ್ವವಾಯು ಹೊಡೀತು. ಬಲಗಡೆ ಕೈ ಕಾಲು ಆಡಲ್ಲ, ಮಾತು ನಾಲ್ಕೈದೇ. ನಾನು ಅಡುಗೆಮನೇಲಿದ್ದಾಗಲೂ ಕಣ್ಣಿಗೆ ಕಾಣ್ತಿರಲಿ ಅಂತ ಹಾಲಿನಲ್ಲಿ ಮಂಚದ ಎದುರಿಗೆ ಒಂದು ಕ್ಯಾಮೆರಾ ಇದೆ. ಪಕ್ಕದ ಮನೆ ಸುಬ್ರಮಣಿಯವರು, ಇವರ ಇಪ್ಪತ್ತು ವರ್ಷದ ವಾಕಿಂಗ್ ಜೊತೆಗಾರರು, ತಂದು ಹಾಕಿಕೊಟ್ರು. ಪಾಪ, ಹಾಕಿಕೊಟ್ಟು ಹೋದೋರು ಆಮೇಲೆ ಈ ಕಡೆ ತಲೆ ಹಾಕಿಲ್ಲ. ಫೋನಿನಲ್ಲಿ ಬೆರಳಾಡಿಸಿದ್ರೆ ಕ್ಯಾಮೆರಾ ಕತ್ತು ತಿರುಗಿಸತ್ತೆ.

ದಸರಾ ಶುರುವಾದ ಮೇಲೆ ಇವರು ಒಂದೇ ಸಮ "ನೋಡ್ತಾನೆ, ನೋಡ್ತಾನೆ" ಅನ್ನೋಕೆ ಶುರು ಮಾಡಿದ್ರು. ಕಾಯಿಲೆಯವರು, ಏನೋ ಭ್ರಮೆ ಅಂತ ಬಿಟ್ಟೆ. ಆಯುಧ ಪೂಜೆ ದಿನ ಇವರಿಗೆ ಮೈ ಒರೆಸ್ತಾ ಇದ್ದೆ. ನನ್ನ ಫೋನು ಅಡುಗೆಮನೆ ಕಟ್ಟೆ ಮೇಲಿತ್ತು. ಆ ಕ್ಯಾಮೆರಾ ತಾನಾಗೇ ಮೆಲ್ಲಗೆ ತಿರುಗಿ ಮಂಚದ ಕಡೆ ಬಂದು ನಿಲ್ತು ಸುವರ್ಣಾ. ನಾನು ಒದ್ದೆ ಟವೆಲನ್ನ ಹಾಗೇ ಅದರ ಮೇಲೆ ಎಸೆದೆ.

ಲೈನಿನವರನ್ನ ಕರೆಸಿದ್ರೆ ನಕ್ಕುಬಿಟ್ರು. "ಆಂಟಿ, ನಿಮ್ಮನೆ ವೈಫೈಗೆ ಮೂವತ್ತೊಂದು ಡಿವೈಸ್ ಕನೆಕ್ಟ್ ಆಗಿದೆ, ಛತ್ರ ನಡೆಸ್ತಿದೀರಾ?" ಅಂತ. ನಮ್ಮದು ಇರೋದು ನಾಲ್ಕು! ಎಲ್ಲಿಂದ ಬಂದ್ವು ಅಂತ ಆಮೇಲೆ ಹೊಳೀತು. ಗೊಂಬೆ ಕೂರಿಸಿದ್ನಲ್ಲ, ಹತ್ತು ದಿನವೂ ಬಂದೋರೆಲ್ಲ ಕೋಸಂಬರಿ ಈಸ್ಕೊಂಡ ಕೂಡ್ಲೇ "ಆಂಟಿ, ವೈಫೈ ಪಾಸ್‌ವರ್ಡ್?" ಅಂತಿದ್ರು. ಹೇಳಿ ಹೇಳಿ ಸಾಕಾಗಿ, ಒಂದು ರಟ್ಟಿನ ಮೇಲೆ ಬಣ್ಣದಲ್ಲಿ ದೊಡ್ಡದಾಗಿ ಬರೆದು ಪಟ್ಟದ ಗೊಂಬೆ ಪಕ್ಕದಲ್ಲೇ ಇಟ್ಟೆ. ಸುತ್ತ ಹೂವಿನ ಬಳ್ಳಿ ಬೇರೆ ಬಿಡಿಸಿದ್ದೆ. ಬೀದಿಯವರೆಲ್ಲ ಗೊಂಬೆ ಫೋಟೋ ತೆಗೆದು ಗ್ರೂಪಿಗೆ ಹಾಕಿದ್ರು, ರಟ್ಟೂ ಅದರಲ್ಲೇ ಬಂತು. ನನ್ನಂಥ ಬುದ್ಧಿವಂತೆ ಇನ್ನೊಬ್ಬಳು ಸಿಗ್ತಾಳಾ ಹೇಳು!

ಏನು ಮಾಡ್ಬೇಕು ಅಂತ ಎರಡು ಸಾಲು ಬರೆ. ಬೇರೆ ಏನೂ ಕೇಳಲ್ಲ.

ಸೀತಾ


ಕೆಂಗೇರಿ ಉಪನಗರ
17 ಅಕ್ಟೋಬರ್ 2025

ಶ್ರೀಮತಿ ಸೀತಾ ಅವರಿಗೆ,

ತಮ್ಮ ಪತ್ರ ತಲುಪಿತು. ಕೇಳಿರುವುದಕ್ಕೆ ಮಾತ್ರ ಉತ್ತರಿಸುತ್ತಿದ್ದೇನೆ.

ಮೊದಲು ಕ್ಯಾಮೆರಾದ ಪ್ಲಗ್ ತೆಗೆಯಿರಿ. ಟವೆಲ್ ಸಾಲದು, ಅದಕ್ಕೆ ಕಿವಿಯೂ ಇರುತ್ತದೆ.

ನಂತರ ರೌಟರನ್ನು ತಿರುಗಿಸಿ ನೋಡಿ. ತಳದಲ್ಲಿ ಅಂಟಿಸಿದ ಚೀಟಿಯಲ್ಲಿ ಒಂದು ವಿಳಾಸ, ಒಂದು ಹೆಸರು, ಒಂದು ಪಾಸ್‌ವರ್ಡ್ ಇರುತ್ತವೆ. ಆ ವಿಳಾಸವನ್ನು ಫೋನಿನ ಬ್ರೌಸರಿನಲ್ಲಿ ಹಾಕಿದರೆ ರೌಟರಿನ ಒಳಪುಟ ತೆರೆಯುತ್ತದೆ. ಚೀಟಿಯಲ್ಲಿರುವ ಪಾಸ್‌ವರ್ಡ್ ರೌಟರಿನ ಯಜಮಾನಿಕೆಯದು, ಅದನ್ನು ಮೊದಲು ಬದಲಿಸಿ. ಆಮೇಲೆ ವೈಫೈ ಪಾಸ್‌ವರ್ಡ್. ಎರಡೂ ಒಂದೇ ಆಗಿರಬಾರದು. ಮನೆಯವರ ಹೆಸರು, ಮನೆ ನಂಬರು, ಹುಟ್ಟಿದ ವರ್ಷ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಸಾಲಾಗಿ ಕೂಡಿಸಿ, ನಡುವೆ ಅಂಕಿ ಸೇರಿಸಿ. ಉದ್ದವಿದ್ದಷ್ಟೂ ಒಳ್ಳೆಯದು. ಗುಂಡಿ ಒತ್ತಿದರೆ ಪಾಸ್‌ವರ್ಡ್ ಇಲ್ಲದೆಯೇ ಒಳಬಿಡುವ ಸೌಲಭ್ಯವೊಂದು ಅಲ್ಲಿರುತ್ತದೆ, ಅದನ್ನು ನಿಲ್ಲಿಸಿ. ಸಾಫ್ಟ್‌ವೇರ್ ಅಪ್‌ಡೇಟ್ ಬಂದಿದ್ದರೆ ಹಾಕಿಕೊಳ್ಳಿ. ಪಾಸ್‌ವರ್ಡ್ ಬದಲಾದ ಕ್ಷಣದಲ್ಲಿ ಮೂವತ್ತೊಂದೂ ಹೊರಗೆ ಬೀಳುತ್ತವೆ. ತಮ್ಮ ನಾಲ್ಕನ್ನು ಒಂದೊಂದಾಗಿ ಒಳಗೆ ಸೇರಿಸಿಕೊಳ್ಳಿ.

ಇನ್ನೊಂದು. ತಮ್ಮ ಬಳಿ ಇರುವಂಥ ಕೆಲವು ರೌಟರುಗಳಲ್ಲಿ ಯಾರ ಫೋನು ಯಾವ ಯಾವ ತಾಣಗಳಿಗೆ ಹೋಗಿಬಂತು ಎಂಬ ಪಟ್ಟಿಯೂ ಉಳಿದಿರುತ್ತದೆ. ನೆರೆಹೊರೆಯ ಇಪ್ಪತ್ತೇಳು ಜನರದ್ದು. ನೋಡುವ ಇಚ್ಛೆಯಿದ್ದರೆ ತಿಳಿಸಿ, ಹೇಗೆಂದು ಬರೆಯುತ್ತೇನೆ.

ನನ್ನ ಫೋನ್ ನಂಬರನ್ನು ಯಾರಿಂದಲೂ ಪಡೆಯುವ ಪ್ರಯತ್ನ ಬೇಡ.

ಇತಿ,
ಸುವರ್ಣಾ
ನಿವೃತ್ತ ಉಪವಿಭಾಗೀಯ ಎಂಜಿನಿಯರ್


ಬಸವೇಶ್ವರನಗರ
30 ಅಕ್ಟೋಬರ್ 2025

ಸುವರ್ಣಾ,

"ಶ್ರೀಮತಿ", "ತಮ್ಮ" ಅಂತೆಲ್ಲ ಹಾಕಿ ಚೆನ್ನಾಗೇ ಇಕ್ಕಿದೀಯ. ಇರಲಿ, ಬರೆದೆಯಲ್ಲ.

ನೀನು ಹೇಳಿದ ಹಾಗೇ ಕನ್ನಡಕ ಹಾಕ್ಕೊಂಡು, ಚೀಟಿ ಓದಿ, ವಿಳಾಸ ಒತ್ತಿದೆ. ಪುಟ ತೆರ್ಕೊಳ್ತು. ಅಬ್ಬಬ್ಬಾ! ಅದನ್ನ ಹೇಗೆ ಹೇಳಲಿ ನಿಂಗೆ. ಮೂವತ್ತೊಂದು ಹೆಸರು ಸಾಲಾಗಿ ನಿಂತಿದ್ವು, ಪ್ರತಿಯೊಂದರ ಪಕ್ಕ ಒಂದು ಹಸಿರು ಚುಕ್ಕಿ. ನಾನು ನೋಡ್ತಾ ಇದ್ದ ಹಾಗೇ ಒಂದು ಆರಿತು, ಇನ್ನೊಂದು ಹತ್ತಿಕೊಳ್ತು. ಯಾರೋ ಆಫೀಸಿಗೆ ಹೊರಟ್ರು, ಯಾರೋ ಬಂದ್ರು.

ನಮ್ಮ ಬೋರ್ಡು ನೆನಪಿದೆಯಾ? ಗೋಡೆ ಉದ್ದಕ್ಕೂ ಇರ್ತಿತ್ತು. ಎಂಟು ಜನ ಕೂತು, ಲೈನಿನ ಹಗ್ಗ ಎಳೆದೆಳೆದು ತೂತಿಗೆ ಚುಚ್ಚಿ, ಸಂಜೆ ಹೊತ್ತಿಗೆ ಭುಜ ಬಿದ್ದುಹೋಗ್ತಿತ್ತು. ಇದು ಊಟದ ಡಬ್ಬಿಯಷ್ಟಿದೆ. ಹಗ್ಗ ಇಲ್ಲ, ತಂತಿ ಇಲ್ಲ. ಗೋಡೆ ದಾಟ್ಕೊಂಡು, ಪಾರಿಜಾತದ ಗಿಡ ದಾಟ್ಕೊಂಡು, ಪಕ್ಕದ ಬಿಲ್ಡಿಂಗಿನ ಎರಡನೇ ಮಹಡಿಗೂ ಹೋಗಿದೆ. ನಾನು ದೇವರಮನೇಲಿ ಕೂತಿರುವಾಗಲೂ ನನ್ನ ಮೈ ಮೇಲಿಂದಲೇ ಯಾರದೋ ಸಿನಿಮಾ, ಯಾರದೋ ಪಾಠ ಹಾದುಹೋಗ್ತಾ ಇತ್ತಲ್ಲೇ! ನಲವತ್ತು ವರ್ಷ ಟೆಲಿಫೋನಲ್ಲೇ ಇದ್ದವಳು, ಆದ್ರೂ ಪೆದ್ದಿ ಥರ ಬಾಯಿ ಬಿಟ್ಕೊಂಡು ಅರ್ಧ ಗಂಟೆ ಅದನ್ನೇ ನೋಡಿದೆ. ಕೈ ಮುಗಿಯೋದೊಂದು ಬಾಕಿ.

ಪಾಸ್‌ವರ್ಡ್ ಬದಲಾಯಿಸಿದೆ. ಎಲ್ಲ ಚುಕ್ಕಿನೂ ಒಟ್ಟಿಗೆ ಆರಿಹೋದ್ವು. ಆ ಪುಟ ಖಾಲಿಯಾಗಿದ್ದು ನೋಡಿ ಯಾಕೋ ಬೇಜಾರಾಯ್ತು. ಮಾರನೇ ದಿನದಿಂದ ಬಂದ್ರು ನೋಡು ದಂಡು! "ಆಂಟಿ, ನಿಮ್ಮ ವೈಫೈ ಯಾಕೋ ಬರ್ತಿಲ್ಲ" ಅಂತ. ಒಬ್ಬರಿಗೂ ನಾಚಿಕೆ ಇಲ್ಲ. ಹೂವಿನ ಪಾಪಮ್ಮ ಗೇಟಿನ ಹತ್ರ ಬುಟ್ಟಿ ಇಳಿಸಿಕೊಂಡು ದಿನಾ ಧಾರಾವಾಹಿ ನೋಡ್ತಿದ್ಳಂತೆ. "ಅರ್ಧಕ್ಕೇ ನಿಂತೋಯ್ತು ಕಣಮ್ಮ, ಸೊಸೆ ಸಿಕ್ಕಿಹಾಕ್ಕೊಂಡ್ಳಾ ಇಲ್ವಾ ನೀನಾದ್ರೂ ಹೇಳು" ಅಂತಾಳೆ! ನಂಗೆ ಬಯ್ಯೋಕೂ ಆಗ್ಲಿಲ್ಲ, ನಗು ಬಂದುಬಿಡ್ತು.

ಇನ್ನು ನೀನು ಕೊನೇಲಿ ಕೇಳಿದ್ದು. ಆ ಪಟ್ಟಿ.

ಸುಳ್ಳು ಹೇಳಲ್ಲ. ಓದಿದ ಕೂಡ್ಲೇ ಬೆರಳು ತುರಿಸ್ತು. ಕ್ಯಾಮೆರಾ ತಿರುಗಿಸಿದೋರು ಯಾರು ಅಂತ ಅದರಲ್ಲೇ ಸಿಕ್ಕಿಬಿಡಬಹುದೇನೋ ಅಂತಲೂ ಅನ್ನಿಸ್ತು. ಎರಡು ದಿನ ಯೋಚನೆ ಮಾಡಿದೆ. ಬೇಡ ಸುವರ್ಣಾ. ಹೇಗೆ ಅಂತ ನಂಗೆ ಹೇಳಿಕೊಡಬೇಡ. ಆ ಪಟ್ಟಿ ಅಳಿಸಿಹಾಕೋದು ಹೇಗೆ ಅಂತ ಮಾತ್ರ ಬರೆ.

ಸೀತಾ


ಕೆಂಗೇರಿ ಉಪನಗರ
11 ನವೆಂಬರ್ 2025

ಸೀತಾ ಅವರಿಗೆ,

ಬೇಡ ಎಂದು ಬರೆದದ್ದನ್ನು ಓದಿದೆ. ಬೇಕು ಎಂದಿದ್ದರೆ ಇನ್ನೊಂದು ಪತ್ರ ನನ್ನಿಂದ ಬರುತ್ತಿರಲಿಲ್ಲ.

ಅಳಿಸುವ ಕ್ರಮವನ್ನು ಬೇರೆ ಹಾಳೆಯಲ್ಲಿ ಚಿತ್ರ ಬರೆದು ಇಟ್ಟಿದ್ದೇನೆ. ಅದೇ ಪುಟದಲ್ಲಿ ಮುಂದೆ ಪಟ್ಟಿ ಬರೆದಿಡದಂತೆಯೂ ಹೇಳಬಹುದು, ಹೇಳಿಬಿಡಿ.

ಕ್ಯಾಮೆರಾ. ಅದಕ್ಕೂ ಅದರದ್ದೇ ಪಾಸ್‌ವರ್ಡ್ ಇದೆ. ತಂದ ದಿನದಿಂದ ಯಾರೂ ಬದಲಿಸಿರಲಾರರು. ಕಾರ್ಖಾನೆಯಲ್ಲಿ ಎಲ್ಲ ಕ್ಯಾಮೆರಾಗಳಿಗೂ ಒಂದೇ ಕೊಟ್ಟಿರುತ್ತಾರೆ. ನಿಮ್ಮ ವೈಫೈ ಒಳಗೆ ಬಂದವರಿಗೆ ಅದೊಂದು ಗೊತ್ತಿದ್ದರೆ ಸಾಕು, ಮಂಚದವರೆಗೂ ದಾರಿ ತೆರೆದೇ ಇತ್ತು. ಅದನ್ನೂ ಬದಲಿಸಿದ ಮೇಲೆಯೇ ಪ್ಲಗ್ ಹಾಕಿ.

ಗೋಡೆ ದಾಟುವ ಬಗ್ಗೆ ಬರೆದಿದ್ದಿರಿ. ನನಗೂ ಅದು ಹಳತಾಗಿಲ್ಲ. ಇಲ್ಲಿ ಅಕ್ಕಪಕ್ಕದ ಐವತ್ತು ಮನೆಗಳ ರೌಟರುಗಳನ್ನು ನಾನೇ ನೋಡಿಕೊಡುತ್ತೇನೆ. ಬೆಳಿಗ್ಗೆ ತಾರಸಿಯ ಮೇಲೆ ಬಟ್ಟೆ ಒಣಹಾಕುವಾಗ ಫೋನ್ ತೆರೆದರೆ ಐವತ್ತೂ ಮನೆಗಳ ಹೆಸರು ಗಾಳಿಯಲ್ಲಿ ಬರುತ್ತವೆ. ಪ್ರತಿಯೊಂದರ ಪಕ್ಕದಲ್ಲೂ ಒಂದು ಬೀಗದ ಗುರುತು. ಎಲ್ಲವೂ ನನ್ನ ಸುತ್ತಲೇ ಇವೆ, ಒಂದೂ ನನಗೆ ಕೇಳಿಸುವುದಿಲ್ಲ. ಅದನ್ನು ನೋಡಿದಾಗ ಮನಸ್ಸಿಗೆ ತುಂಬಾ ನೆಮ್ಮದಿಯಾಗುತ್ತದೆ. ಇಷ್ಟು ವರ್ಷ ದುಡಿದದ್ದು ಇದಕ್ಕೇ ಅನ್ನಿಸುತ್ತದೆ.

ಶ್ಯಾಮಸುಂದರ ಅವರು ಹೇಗಿದ್ದಾರೆ?

ಇತಿ,
ಸುವರ್ಣಾ


ಬಸವೇಶ್ವರನಗರ
3 ಡಿಸೆಂಬರ್ 2025

ಸುವರ್ಣಾ,

ಸಿಕ್ಕಿದ್ರು ಕಣೇ. ಕ್ಯಾಮೆರಾ ತಿರುಗಿಸ್ತಿದ್ದೋರು.

ಅದರ ಪಾಸ್‌ವರ್ಡ್ ಬದಲಾಯಿಸಿ ಪ್ಲಗ್ ಹಾಕಿ ಹತ್ತು ದಿನ ಆಗಿತ್ತು. ಮೊನ್ನೆ ತರಕಾರಿ ಗಾಡಿ ಹತ್ರ ಪಕ್ಕದ ಮನೆ ಸುಬ್ರಮಣಿಯವರು ಸಿಕ್ಕಿ, ಅದೂ ಇದೂ ಮಾತಾಡ್ತಾ, "ಏನಮ್ಮಾ, ಕ್ಯಾಮೆರಾ ಕೆಟ್ಟಿದೆಯಾ?" ಅಂದ್ರು. ನಾನು ಯಾರ ಹತ್ರನೂ ಕ್ಯಾಮೆರಾ ವಿಷಯ ಎತ್ತಿರ್ಲಿಲ್ಲ. "ನಿಮಗೆ ಹೇಗೆ ಗೊತ್ತಾಯ್ತು ಸಾರ್, ಕಾಣ್ತಿಲ್ಲ ಅಂತ?" ಅಂದೆ. ಅವರು ಕೈಯಲ್ಲಿದ್ದ ಹೀರೇಕಾಯಿ ಗಾಡಿಗೇ ವಾಪಸ್ ಇಟ್ಟುಬಿಟ್ರು.

ಗೇಟಿನೊಳಗೆ ಕರೆದು ಕೇಳಿದೆ. ಎಪ್ಪತ್ತು ದಾಟಿದ ಮನುಷ್ಯ, ಅತ್ತುಬಿಟ್ರು. "ಅವನನ್ನ ಆ ಸ್ಥಿತೀಲಿ ಎದುರಿಗೆ ಕೂತು ನೋಡೋ ಧೈರ್ಯ ನಂಗಿಲ್ಲ ಅಮ್ಮಾ. ನೋಡ್ದೇನೂ ಇರಕ್ಕಾಗ್ಲಿಲ್ಲ. ಗ್ರೂಪಿಗೆ ಬಂದ ಗೊಂಬೆ ಫೋಟೋದಲ್ಲಿ ನಿಮ್ಮ ಪಾಸ್‌ವರ್ಡ್ ಇತ್ತು, ಕ್ಯಾಮೆರಾದ್ದು ನಂಗೆ ಮೊದಲೇ ಗೊತ್ತಿತ್ತು. ದಿನಾ ಒಂದ್ಸಲ ಉಸಿರಾಡ್ತಿದಾನಾ ಅಂತ ನೋಡ್ತಿದ್ದೆ, ಅಷ್ಟೇ. ಪ್ರೀತಿಗೆ ಮಾಡಿದ್ದು" ಅಂದ್ರು.

ನಂಗೆ ಎಲ್ಲಿತ್ತೋ ಸಿಟ್ಟು! "ಪ್ರೀತಿಗಂತೆ! ನಾನು ನನ್ನ ಗಂಡನ ಬಟ್ಟೆ ಬಿಚ್ಚಿ ಮೈ ಒರೆಸೋವಾಗ ನೀವು ಗೋಡೆ ಆಚೆ ಕೂತು ನೋಡ್ತಿದ್ರಿ. ಆ ಮನುಷ್ಯ ಬಾಯಿ ಬರದೆ ನೋಡ್ತಾನೆ ನೋಡ್ತಾನೆ ಅಂತ ಒದ್ದಾಡಿದ್ರು. ಕದ್ದು ನೋಡಿದ್ದು ಕದ್ದಿದ್ದೇ. ಒಳ್ಳೇ ಮನಸ್ಸಿತ್ತು ಅಂದ್ಬಿಟ್ರೆ ಸರಿಹೋಗತ್ತಾ?" ಅಂತ ಬೀದಿಗೆ ಕೇಳೋ ಹಾಗೆ ಕೂಗಾಡಿದೆ.

ಕೂಗಾಡಿ ಒಳಗೆ ಬಂದು ಕುರ್ಚಿ ಮೇಲೆ ಕೂತೆ. ನಾನು ಅವರಿಗೆ ಅಂದ ಒಂದೊಂದು ಮಾತೂ ನಂಗೇ ಹೇಳ್ಕೊಂಡ ಹಾಗಿತ್ತು.

ಕೇಳು. ಈ ಕಾಗದ ಅದಕ್ಕೇ. ಲೈನು ಸಿಕ್ಕ ಕೂಡ್ಲೇ ಬೋರ್ಡಿನಲ್ಲಿ ಮಾತು ಕೇಳಿಸೋ ಕೀ ಹಿಂದಕ್ಕೆ ಎಳೆದು ಕಿವಿ ಮುಚ್ಚಿಕೊಳ್ಳಬೇಕು ಅನ್ನೋದು ಕೆಲಸಕ್ಕೆ ಸೇರಿದ ಮೊದಲನೇ ದಿನ ಹೇಳಿಕೊಟ್ಟಿದ್ದು. ನಾನು ಎಳೀಲಿಲ್ಲ. ನಿನ್ನ ದನಿ ಗುರುತು ಸಿಕ್ತು, ಆ ಕಡೆ ಮಧ್ವೇಶನ ದನಿ. ಹೊಟ್ಟೆಯೊಳಗೆ ಏನೋ ಒಂಥರಾ ಖುಷಿ ಆಯ್ತು. ನಿಜ ಹೇಳ್ತಿದೀನಿ, ಖುಷಿನೇ. ಯಾರಿಗೂ ಗೊತ್ತಿಲ್ಲದ್ದು ನಂಗೆ ಗೊತ್ತಾಯ್ತು ಅಂತ. "ಭಾನುವಾರ ಬರ್ತೀನಿ, ಮತ್ತೆ ಮನೆಗೆ ಹೋಗಲ್ಲ" ಅಂತ ನೀನು ಅಂದೆ ನೋಡು, ಅಲ್ಲೀವರೆಗೆ ಕೇಳಿದೆ. ಆಮೇಲೆ ಕೀ ಎಳೆದೆ. ನಿನ್ನ ಒಳ್ಳೇದಕ್ಕೆ ಅಂತ ನಂಗೆ ನಾನೇ ಹೇಳ್ಕೊಂಡಿದ್ದು ಆಮೇಲೆ. ಅವತ್ತು ಇದ್ದದ್ದು ಬರೀ ಹೆದರಿಕೆ. ನಮ್ಮ ಚಿಕ್ಕಪ್ಪನ ಮನೆ ಹೆಸರು ಹಾಳಾಗತ್ತೆ, ನೀನು ನನ್ನ ಸ್ನೇಹಿತೆ ಅಂತ ಬೈಗುಳ ನಂಗೆ ಬರತ್ತೆ ಅಂತ. ನನ್ನ ಚರ್ಮ ಉಳಿಸ್ಕೊಳ್ಳೋಕೆ ನಿನ್ನ ಬಾಳು ಎತ್ತಿ ಕೊಟ್ಟೆ.

ತಪ್ಪಾಯ್ತು ಸುವರ್ಣಾ. ಈ ಎರಡು ಮಾತು ಬರೆಯೋಕೆ ಮೂವತ್ತೊಂಬತ್ತು ವರ್ಷ ಹಿಡೀತು. ನೀನು ಏನೂ ಅನ್ನಬೇಕಾಗಿಲ್ಲ. ಕಾಗದ ನಿಂಗೆ ಮುಟ್ಟಿದ್ರೆ ಸಾಕು.

ಸೀತಾ


ಬಸವೇಶ್ವರನಗರ
17 ಜನವರಿ 2026

ಸುವರ್ಣಾ,

ಉತ್ತರ ಬರಲಿಲ್ಲ. ಬರಲೇಬೇಕು ಅಂತೇನಿಲ್ಲ. ಗೇಟಿನ ಸದ್ದಾದ್ರೆ ಎದ್ದು ಹೋಗಿ ನೋಡ್ತೀನಿ, ಅದು ನನ್ನ ಹಣೆಬರಹ.

ಸಂಕ್ರಾಂತಿ ಎಳ್ಳು ಕಳಿಸ್ತಿದೀನಿ. ಬೆಲ್ಲ ಸಣ್ಣಗೆ ಹೆಚ್ಚೋದು ನೀನೇ ನಂಗೆ ಬೈದು ಕಲಿಸಿದ್ದು, ಈಗಲೂ ಹಾಗೇ ಹೆಚ್ಚೋದು.

ಒಂದು ವಿಷಯ ಹೇಳ್ಬೇಕು, ಯಾರ ಹತ್ರ ಹೇಳ್ಲಿ ಇನ್ನ. ನಾನು ಸುಬ್ರಮಣಿಯವರಿಗೆ ಗೇಟು ದಾಟಬೇಡಿ ಅಂದಿದ್ದೆ. ಇವರಿಗೆ ನಡೆದದ್ದೆಲ್ಲ ಹೇಳಿದೆ, ಇವರಿಗೂ ಸಿಟ್ಟು ಬರತ್ತೆ ಅಂತ. ಬರ್ಲಿಲ್ಲ. ವೈಕುಂಠ ಏಕಾದಶಿ ದಿನ ಎಡಗೈ ಎತ್ತಿ ಗೋಡೆ ಕಡೆ ತೋರಿಸಿ, "ಸುಬ್ಬು. ಬಾ" ಅಂದ್ರು. ಒಂಬತ್ತು ತಿಂಗಳಲ್ಲಿ ಹೊಸ ಮಾತು ಅಂದ್ರೆ ಇದೇ! ನಾನು ಕೇಳಿಸದ ಹಾಗೆ ಇದ್ದೆ. ಮಾರನೇ ದಿನವೂ ಅದೇ. ಕೊನೆಗೆ ನಾನೇ ಹೋಗಿ ಕರೆದೆ. ಅವರು ಬಂದು ಬಾಗಿಲಲ್ಲೇ ನಿಂತ್ಕೊಂಡ್ರು, ಒಳಗೆ ಬರೋಕೆ ಕಾಲೇ ಬರ್ತಿಲ್ಲ. ಇವರು ಆ ಎಡಗೈಯಲ್ಲೇ ಮಂಚ ತಟ್ಟಿ ಕೂತ್ಕೋ ಅಂತ ತೋರಿಸಿದ್ರು. ಇಬ್ಬರೂ ಕೈ ಹಿಡ್ಕೊಂಡು ಕೂತ್ರು. ನಾನು ಕಾಫಿ ಲೋಟ ಹಿಡ್ಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ. ಅಷ್ಟು ದೊಡ್ಡ ಮನಸ್ಸು ಈ ಮನುಷ್ಯನಿಗೆ ಎಲ್ಲಿಂದ ಬಂತೋ! ನಲವತ್ತೆರಡು ವರ್ಷ ಸಂಸಾರ ಮಾಡಿದೀನಿ, ನಂಗೇ ಗೊತ್ತಿರ್ಲಿಲ್ಲ.

ಈಗ ದಿನಾ ನಾಲ್ಕು ಗಂಟೆಗೆ ಬಂದು ಪೇಪರ್ ಓದಿ ಹೇಳ್ತಾರೆ. ಕ್ಯಾಮೆರಾ ಬಿಚ್ಚಿ ಡಬ್ಬಕ್ಕೆ ಹಾಕಿಟ್ಟೆ. ಇದನ್ನ ಬರೆದು ನಿನ್ನನ್ನೂ ಹಾಗೇ ಮಾಡು ಅಂತಿದೀನಿ ಅಂದ್ಕೋಬೇಡ. ನಾನು ಮಾಡಿದ್ದು ಸುಬ್ರಮಣಿಯವರದ್ದಕ್ಕಿಂತ ದೊಡ್ಡದು, ಗೊತ್ತಿದೆ.

ಸೀತಾ


ಕೆಂಗೇರಿ ಉಪನಗರ
2 ಫೆಬ್ರವರಿ 2026

ಸೀತಾ,

ನಿನ್ನ ಎರಡೂ ಕಾಗದ ಬಂದಾವು. ಎಳ್ಳು ಬೆಲ್ಲನೂ ಬಂತು. ಸಕ್ಕರಿ ಅಚ್ಚು ಪೋಸ್ಟಿನ್ಯಾಗ ಪುಡಿಪುಡಿ ಆಗಿತ್ತು, ಹಂಗ ತಿಂದೆ.

ಇಷ್ಟ ದಿನ ನಿನಗ ಪುಸ್ತಕದ ಭಾಷಾದಾಗ ಬರದೆ. ದೂರ ಇಡೂನು ಅಂತ ಹಂಗ ಬರದೆ. ಇನ್ನ ಅದು ಆಗೂದಿಲ್ಲ. ಸಿಟ್ಟು ಬಂದ್ರೂ ಅಳು ಬಂದ್ರೂ ನನಗ ನಮ್ಮ ಬಾಗಲಕೋಟಿ ಮಾತ ಬರತೈತಿ.

ನೀ ಎಲ್ಲೀತನಕ ಕೇಳಿದಿ ಅಂತ ಬರದೀ. ಅದನ್ನ ಓದಿ ಎರಡು ತಿಂಗಳು ಸುಮ್ಮನ ಕೂತೆ. ನನಗ ಅದು ಗೊತ್ತಿರಲಿಲ್ಲ. ಪೂರಾ ಮಾತು ಕೇಳೀಯಂತ ತಿಳಿದಿದ್ದೆ ನಾನು. ಪೂರಾ ಕೇಳಿನೂ ಹಂಗ ಮಾಡಿದ್ಲು ಅನ್ನೂದ ನನಗ ಸುಡತಿತ್ತು, ಮೂವತ್ತೊಂಬತ್ತು ವರ್ಷ.

ನೀ ಕೀ ಎಳದ ಮ್ಯಾಲೆ ಏನಾತು ಹೇಳತೇನಿ. ಸೋಮವಾರ ರಿಜಿಸ್ಟ್ರಾರ್ ಆಫೀಸಿನ್ಯಾಗ ನನ್ನ ಕಡೆ ಸಾಕ್ಷಿ ಸಹಿ ಯಾರು ಹಾಕ್ತಾರ ಅಂತ ಮಧ್ವೇಶ ಕೇಳಿದ. ನಾ ಅಂದೆ, "ಸೀತಾ ಹಾಕ್ತಾಳ. ನಾಳೆ ಡ್ಯೂಟಿ ಮುಗದ ಮ್ಯಾಲೆ ಆಕಿಗೆ ಹೇಳತೇನಿ. ಆಕಿ ಬರಲಿಲ್ಲಂದ್ರ ನಾನೂ ಬರೂದಿಲ್ಲ." ಅವ ನಕ್ಕ, "ಅಷ್ಟು ನಂಬಿಕೆ ಏನು ಅವಳ ಮ್ಯಾಲೆ?" ಅಂದ. "ನನ್ನ ಮ್ಯಾಲೆ ಇದ್ದದ್ದಕ್ಕಿಂತ ಹೆಚ್ಚು" ಅಂದೆ.

ಇನ್ನ ಅರ್ಧ ನಿಮಿಷ ಕೇಳಿದ್ರ ನಿನ್ನ ಹೆಸರು ನಿನಗ ಕೇಳತಿತ್ತು ಸೀತಾ.

ಮಾರನೇ ದಿನ ನಿನಗ ಹೇಳಬೇಕಂತ ಎಕ್ಸ್‌ಚೇಂಜಿನ ಮೆಟ್ಟಿಲ ಹತ್ರ ಕಾದೆ. ನೀ ರಜಾ ಹಾಕಿದ್ದಿ. ಮನಿಗೆ ಹೋದ್ರ ಅಪ್ಪ ಬಾಗಿಲದಾಗ ಕುಂತಿದ್ದ. "ನಿನ್ನ ಗೆಳತಿನ ಬಂದು ಹೇಳಿ ಹೋದ್ಲು" ಅಂದ.

ನನ್ನ ಬಾಳು ಹಾಳಾತು ಅಂತ ತಿಳ್ಕೋಬ್ಯಾಡ. ಚಲೋ ಬಾಳೇನಿ. ಓದಿದೆ, ಮ್ಯಾಲೆ ಬಂದೆ, ನನ್ನ ಕೈಯಾಗ ನೂರು ಮಂದಿ ಕೆಲಸ ಕಲ್ತರು. ಮಧ್ವೇಶ ಕೈ ತಪ್ಪಿದ್ದಕ್ಕ ಎರಡು ವರ್ಷ ಅತ್ತೆ, ಮುಗೀತು. ನೀ ತಪ್ಪಿದ್ದು ಮುಗೀಲಿಲ್ಲ. ಅವತ್ತಿನಿಂದ ಫೋನಿನ್ಯಾಗ ಯಾರ ಜೋಡಿನೂ ಮನಸಿನ ಮಾತು ಆಡಿಲ್ಲ ನಾನು. ಅವ್ವ ಸಾಯುವಾಗ ಸೈತ, "ಹೂಂ, ಹೂಂ" ಅಂದು ಇಟ್ಟೆ.

ಇದನ್ನ ಹೇಳಬಾರದು ಅಂತಿದ್ದೆ. ನೀ ನಿನ್ನ ಹೊಟ್ಟಿಯೊಳಗಿಂದು ಪೂರಾ ತಗದಿಟ್ಟಿ. ಅದಕ್ಕ ನಾನೂ ಇಟ್ಟೆ.

ಸುವರ್ಣಾ


ಬಸವೇಶ್ವರನಗರ
6 ಫೆಬ್ರವರಿ 2026

ಸುವರ್ಣಾ,

ನಿನ್ನ ಕಾಗದ ಮಧ್ಯಾಹ್ನ ಬಂತು. ಓದಿ ಅಡುಗೆಮನೆ ನೆಲದ ಮೇಲೆ ಕೂತೆ. ಸುಬ್ರಮಣಿಯವರು ಬಂದು, "ಏನಾಯ್ತಮ್ಮಾ?" ಅಂತ ಗಾಬರಿ ಬಿದ್ರು. ಏನಂತ ಹೇಳ್ಲಿ?

ಅರ್ಧ ನಿಮಿಷ. ಅಯ್ಯೋ ನನ್ನ ಕರ್ಮವೇ! ಬೇರೆ ದಿನ ಬೇರೆಯವರ ಮಾತನ್ನ ಐದೈದು ನಿಮಿಷ ಕೇಳಿದ ಪಾಪಿ ನಾನು. ಅವತ್ತೊಂದು ದಿನ ಅರ್ಧ ನಿಮಿಷ ಮೊದಲೇ ಎಳೆದೆನಲ್ಲೇ. ನನ್ನ ಹೆಸರು ಆ ಹಗ್ಗದೊಳಗೆ ನನ್ನ ಕೈಯಡೀಲೇ ಹಾದುಹೋಯ್ತು.

ಒಂದು ಮಾತು ನಂಗೆ ಅರ್ಥವೇ ಆಗ್ತಿಲ್ಲ ಸುವರ್ಣಾ, ಹೇಳು. ಇಷ್ಟನ್ನೂ ಹೊಟ್ಟೇಲಿಟ್ಕೊಂಡು, ಪೂರ್ತಿ ಕೇಳಿಯೂ ಮಾಡಿದ್ಲು ಅಂತ ಅಂದ್ಕೊಂಡಿದ್ದೂ, ಅಕ್ಟೋಬರಿನಲ್ಲಿ ನನ್ನ ಕಾಗದ ಬಂದಾಗ ನೀನು ಕೂತು ಉತ್ತರ ಬರೆದೆಯಲ್ಲ! ಮೊದಲು ಪ್ಲಗ್ ತೆಗಿ, ಆಮೇಲೆ ಇದು, ಆಮೇಲೆ ಅದು ಅಂತ ಒಂದೊಂದೇ. ನಿನ್ನ ಮನೆ ಬಾಗಿಲು ಮುರಿದವಳ ಮನೆಗೆ ನೀನು ಅಗಳಿ ಹಾಕಿಕೊಟ್ಟೆ. ನನ್ನ ಗಂಡ ಬಟ್ಟೆ ಇಲ್ಲದೆ ಮಲಗಿದ್ದಾಗ ಯಾರೂ ನೋಡದ ಹಾಗೆ ಕಾಪಾಡಿದ್ದು ನೀನು. ಆ ಹಸಿರು ಚುಕ್ಕಿ ನೋಡಿ ಬೆರಗಾದೆ ಅಂತ ಬರೆದಿದ್ನಲ್ಲ, ಅದೆಲ್ಲ ಏನೂ ಅಲ್ಲ ಬಿಡು. ನಿನ್ನನ್ನ ನೆನೆಸಿಕೊಂಡ್ರೆ ಮೈ ಜುಂ ಅನ್ನತ್ತೆ ನಂಗೆ. ನಿಂಗೆ ಕೈ ಮುಗಿಯೋಕೂ ನಂಗೆ ಯೋಗ್ಯತೆ ಇಲ್ಲ.

ನಿನ್ನನ್ನ ನೋಡ್ಬೇಕು. ಒಂದ್ಸಲ. ಬೇಡ ಅಂದ್ರೆ ಬೇಡ, ಇನ್ನು ಕೇಳಲ್ಲ. ವಿಜಯನಗರದಲ್ಲಿ ಮೆಟ್ರೋ ಹತ್ತಿದ್ರೆ ಕೆಂಗೇರಿ ಅರ್ಧ ಗಂಟೆಯೂ ಇಲ್ವಂತೆ. ಇಷ್ಟು ಹತ್ರ ಇದ್ವಾ ನಾವು?

ಸೀತಾ


ಕೆಂಗೇರಿ ಉಪನಗರ
11 ಫೆಬ್ರವರಿ 2026

ಸೀತಾ,

ಮುಂದಿನ ಗುರುವಾರ ಬಾ. ಹನ್ನೊಂದಕ್ಕ ಕೆಂಗೇರಿ ಸ್ಟೇಷನ್ನಿನ ಮೆಟ್ಟಿಲ ಕೆಳಗ ನಿಂತಿರತೇನಿ. ಕೂದಲ ಪೂರಾ ಬೆಳ್ಳಗಾಗೈತಿ, ನೋಡಿ ಗುರುತ ಹಿಡಿ. ಶ್ಯಾಮಸುಂದರ ಅವರ ಹತ್ರ ಸುಬ್ರಮಣಿಯವರನ್ನ ಕೂಡ್ರಿಸಿ ಬಾ.

ಕ್ಷಮಿಸೇನಿ ಅಂತ ಬರೀಲಿಕ್ಕೆ ಎರಡು ಸಲ ಕುಂತೆ. ಕೈ ಬರಲಿಲ್ಲ. ಸುಳ್ಳ ಬರೀಬಾರದಂತ ಬಿಟ್ಟೆ. ನೀ ತಿಳ್ಕೋತೀ.

ಒಂದು ಮಾತು ನಿನಗ ಇನ್ನೂ ಹೇಳಿಲ್ಲ. ರೌಟರಿನ್ಯಾಗ ಬಂದ ಹೋಗೂ ಮಂದಿಗಂತ ಇನ್ನೊಂದು ನೆಟ್‌ವರ್ಕ್ ಮಾಡಾಕ ಬರತೈತಿ. ಅದಕ್ಕ ಬ್ಯಾರೆ ಹೆಸರು, ಬ್ಯಾರೆ ಪಾಸ್‌ವರ್ಡ್. ಅದರಾಗ ಬಂದವರಿಗೆ ಇಂಟರ್‌ನೆಟ್ ಸಿಗತೈತಿ. ಮನಿಯೊಳಗಿನ ಒಂದು ಸಾಮಾನೂ ಕಾಣೂದಿಲ್ಲ. ನನ್ನ ಮನ್ಯಾಗ ಅಂಥಾದ್ದೊಂದು ಮೊದಲಿಂದ ಐತಿ. ಇಷ್ಟ ವರ್ಷದಾಗ ಅದನ್ನೂ ಯಾರಿಗೂ ಕೊಟ್ಟಿಲ್ಲ ನಾನು.

ನೀ ಬಂದಾಗ ನಿನ್ನ ಫೋನಿಗೆ ಅದನ್ನ ಹಾಕಿ ಕೊಡತೇನಿ. ಮನಿ ನೆಟ್‌ವರ್ಕಿನ ಪಾಸ್‌ವರ್ಡ್ ಈಗ ಕೇಳಬ್ಯಾಡ. ಕೊಡೂ ದಿನ ಬಂದ್ರ ನಾನ ಹೇಳತೇನಿ.

ಉಂಡು ಬರಬ್ಯಾಡ. ರೊಟ್ಟಿ ಬಡೀತೇನಿ.

ನಿನ್ನ
ಸುವರ್ಣಾ